ಜೋಗದ ಚಿತ್ರ ಯಾರದು?

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರು ಮದನಿಕೆಯರ ಮುಖ ನೋಡಿ ಬೆರಗಾಗುತ್ತಾರೆ. ಪೀಠದ ಕಡೆ ಕಣ್ಣು ಹಾಯಿಸುವವರು ಕಡಿಮೆ. ಅಲ್ಲಿ ಸಣ್ಣ ಅಕ್ಷರಗಳಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಕೆಲವರು ಊರನ್ನೂ ಬಿರುದನ್ನೂ ಸೇರಿಸಿದ್ದಾರೆ. ಹಾಗೆ ಹೆಸರು ಉಳಿಸಿಹೋದವರಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಮುಖ್ಯರು. ಬಳ್ಳಿಗಾವೆ ಇರುವುದು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ. ಕಲ್ಲು ರಾಜನದು, ಗುಡಿ ದೇವರದು, ಆದರೂ ಈ ಕೆಲಸ ತನ್ನದು ಎಂದು ಹೇಳಿಕೊಳ್ಳುವ ಹಕ್ಕು 12ನೆಯ ಶತಮಾನದ ಶಿಲ್ಪಿಗೆ ಇತ್ತು.

ಅದೇ ಜಿಲ್ಲೆಯ ಸಾಗರಕ್ಕೆ ಈಗ ಬಂದರೆ ಬೇರೆಯೇ ನೋಟ. ವಸತಿಗೃಹದ ಗೋಡೆ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂಭಾಗ, ಪ್ರವಾಸಿ ವಾಹನದ ಬೆನ್ನು, ಅಡಿಕೆ ಮಂಡಿಯ ಕ್ಯಾಲೆಂಡರು, ಎಲ್ಲೆಲ್ಲೂ ಜೋಗ ಧುಮ್ಮಿಕ್ಕುತ್ತಿರುತ್ತದೆ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದೇ ಚೌಕಟ್ಟಿನಲ್ಲಿ. ಹೊಸನಗರದ ಕಡೆ ಹೋದರೆ ಕೊಡಚಾದ್ರಿಯ ಚಿತ್ರ, ತೀರ್ಥಹಳ್ಳಿಯ ಕಡೆ ಬಂದರೆ ಕವಲೇದುರ್ಗ, ಕುಪ್ಪಳಿಯ ಕವಿಶೈಲ, ಆಗುಂಬೆಯ ಸೂರ್ಯಾಸ್ತ. ಚಿತ್ರದ ಕೆಳಗೆ ಅಂಗಡಿಯ ಹೆಸರಿರುತ್ತದೆ, ಮುದ್ರಣಾಲಯದ ಹೆಸರಿರುತ್ತದೆ, ಕೆಲವೊಮ್ಮೆ ಶುಭಾಶಯ ಕೋರುವವರ ಹೆಸರೂ ಇರುತ್ತದೆ. ಮಳೆಗಾಲದಲ್ಲಿ ಜಾರುವ ಬಂಡೆಯ ಮೇಲೆ ಕೊಡೆ ಹಿಡಿಸಿಕೊಂಡು, ಮಂಜು ಸರಿಯುವ ಅರೆಗಳಿಗೆಗಾಗಿ ಕಾದು ಚಿತ್ರ ತೆಗೆದವನ ಹೆಸರು ಮಾತ್ರ ಇರುವುದಿಲ್ಲ.

ಕೇಳಿದರೆ ಸಿಗುವ ಉತ್ತರ ಒಂದೇ: ಜೋಗ ಎಲ್ಲರದು, ಅದರ ಚಿತ್ರಕ್ಕೆ ಯಾರ ಅನುಮತಿ? ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆಯೇಕೆ ಎಂಬ ಗಾದೆಯನ್ನು ಇಂಥಲ್ಲಿ ಬಳಸುವುದು ಸುಲಭ. ಗಾದೆ ಸುಳ್ಳಲ್ಲ. ಶರಾವತಿಯ ನೀರು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಒಬ್ಬರು ಹೊಳೆಗಿಳಿದು ತುಂಬಿಸಿ ಹೊತ್ತು ತಂದ ಕೊಡವನ್ನು ಕೇಳದೆ ಎತ್ತಿಕೊಂಡು ಹೋದರೆ ಆ ಗಾದೆ ನೆರವಿಗೆ ಬರುವುದಿಲ್ಲ. ಕಾನೂನು ಹೇಳುವುದೂ ಇಷ್ಟನ್ನೇ. ದೃಶ್ಯಕ್ಕೆ ಒಡೆಯನಿಲ್ಲ, ಚಿತ್ರಕ್ಕೆ ಇದ್ದಾನೆ. ಅದೇ ಬಂಡೆಯ ಮೇಲೆ ನಿಂತು ಅದೇ ಜಲಪಾತವನ್ನು ಯಾರು ಬೇಕಾದರೂ ತಮ್ಮ ಕ್ಯಾಮೆರಾದಲ್ಲಿ ಹಿಡಿಯಬಹುದು. ಇನ್ನೊಬ್ಬರು ಹಿಡಿದದ್ದನ್ನು ನಕಲು ಮಾಡುವಂತಿಲ್ಲ.

ಹೆಸರಿದ್ದವರು, ಇಲ್ಲದವರು

ಛಾಯಾಚಿತ್ರ ಕಲೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ, ಪ್ಯಾರಿಸಿನಲ್ಲಿ. ಇಪ್ಪತ್ತು ವರ್ಷ ತುಂಬುವ ಮೊದಲೇ ಕ್ಯಾಮೆರಾ ಕನ್ನಡ ನಾಡಿನ ಗುಡಿಗಳ ಮುಂದೆ ನಿಂತಿತ್ತು. ಸೇನೆಯ ಅಧಿಕಾರಿ ಲಿನೀಯಸ್ ಟ್ರೈಪ್ 1854ರಲ್ಲಿ ಹಳೇಬೀಡು, ಬೇಲೂರುಗಳನ್ನು ಚಿತ್ರಿಸಿದ. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರದು. ಆದರೆ ಪುಸ್ತಕದ ಮುಖಪುಟದಲ್ಲಿ ಛಾಯಾಗ್ರಾಹಕರಾದ ಪಿಗೊ, ನೀಲ್, ಬಿಗ್ಸ್ ಮೂವರ ಹೆಸರೂ ಇವೆ. ಪಿಗೊ ಆ ಹೊತ್ತಿಗೆ ತೀರಿಕೊಂಡಿದ್ದ. ಸತ್ತವನ ಹೆಸರನ್ನೂ ಪ್ರಕಾಶಕರು ಬಿಡಲಿಲ್ಲ. ಅವರ ಗಾಜಿನ ತಟ್ಟೆಗಳನ್ನೂ ಗುಡಾರಗಳನ್ನೂ ಹೊತ್ತ ಇಲ್ಲಿನ ಆಳುಗಳ ಹೆಸರು ಮಾತ್ರ ಎಲ್ಲೂ ಇಲ್ಲ.

20ನೆಯ ಶತಮಾನದ ಆರಂಭಕ್ಕೆ ಚಿತ್ರ ಅಂಚೆಕಾರ್ಡುಗಳ ಕಾಲ ಬಂತು. ಆಗ ಗೇರುಸೊಪ್ಪೆ ಜಲಪಾತವೆಂದೇ ಹೆಸರಾಗಿದ್ದ ಜೋಗ ಕಾರ್ಡುಗಳ ಮೇಲೆ ಊರೂರು ಸುತ್ತಿತು. ಇಂಥ ಕಾರ್ಡುಗಳಲ್ಲಿ ಮಾರಾಟಗಾರರ ಹೆಸರು ಸಾಮಾನ್ಯ. ಕ್ಯಾಮೆರಾ ಹಿಡಿದವನ ಹೆಸರು ಅಪರೂಪ. ಆಮೇಲೆ ಪಟ್ಟಣಗಳಲ್ಲಿ ಸ್ಟುಡಿಯೊಗಳು ಎದ್ದವು. ಬಣ್ಣ ಬಳಿದ ಪರದೆ, ಕೆತ್ತನೆಯ ಕುರ್ಚಿ, ಹೂದಾನಿ. ಮದುವೆ, ನಾಮಕರಣ, ಶಾಲೆಯ ಗುಂಪುಚಿತ್ರ, ಯಕ್ಷಗಾನದ ವೇಷ ಎಲ್ಲಕ್ಕೂ ಸ್ಟುಡಿಯೊದವರೇ ಬೇಕಾಯಿತು. ಆ ಕಾಲದ ರಟ್ಟಿನ ಮೇಲೆ ಸ್ಟುಡಿಯೊದ ಮೊಹರು ಇರುತ್ತಿತ್ತು. ಚೌಕಟ್ಟು ಹಾಕಿಸುವಾಗ ರಟ್ಟನ್ನು ಕತ್ತರಿಸಿದರು, ಮೊಹರು ಹೋಯಿತು. ಪತ್ರಿಕೆಗೆ ಕೊಟ್ಟ ಪ್ರತಿ ಮರಳಿ ಬರಲಿಲ್ಲ, ಹಿಂಬದಿಯ ಪೆನ್ಸಿಲ್ ಬರಹವೂ ಹೋಯಿತು. ಹೆಸರು ಅಳಿದದ್ದು ಯಾರ ದ್ವೇಷದಿಂದಲೂ ಅಲ್ಲ, ಅಸಡ್ಡೆಯಿಂದ.

ನೀರಿನಡಿಯ ಊರುಗಳು

ಬೇರೆ ಸೀಮೆಗಳಲ್ಲಿ ಇದು ಛಾಯಾಗ್ರಾಹಕನ ಸಂಭಾವನೆಯ ಪ್ರಶ್ನೆಯಷ್ಟೇ ಆಗಬಹುದು. ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಅದಕ್ಕೆ ಇನ್ನೊಂದು ಭಾರವಿದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ತಿರುಗತೊಡಗಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಆ ಹಳೆಯ ಅಣೆಕಟ್ಟೆಯೇ ನೀರಿನಲ್ಲಿ ಮುಳುಗಿತು. ಅದರೊಂದಿಗೆ ಊರುಗಳು, ತೋಟಗಳು, ಗದ್ದೆಗಳು, ಗುಡಿಗಳು ಮುಳುಗಿದವು. ತೀರಾ ಬರಗಾಲದ ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಮಡೆನೂರಿನ ಕಟ್ಟೆ ಮೇಲೆ ಕಾಣುತ್ತದೆ. ಉಳಿದದ್ದಕ್ಕೆ ಸಾಕ್ಷಿಯೆಂದರೆ ಒಕ್ಕಲೆದ್ದು ಹೋದವರ ಮನೆಯ ಹಳೆಯ ಟ್ರಂಕುಗಳಲ್ಲಿರುವ ಒಂದೆರಡು ಚಿತ್ರಗಳು.

ಅಂಥ ಚಿತ್ರಗಳು ಈಗ ಸ್ಮರಣ ಸಂಚಿಕೆಗಳಲ್ಲೂ ಮೊಬೈಲುಗಳಲ್ಲೂ ಹರಿದಾಡುತ್ತವೆ. ಒಂದರ ಕೆಳಗೆ ಒಂದು ಊರಿನ ಹೆಸರು, ಇನ್ನೊಮ್ಮೆ ಅದೇ ಚಿತ್ರದ ಕೆಳಗೆ ಮತ್ತೊಂದು ಊರಿನ ಹೆಸರು. ಅಣೆಕಟ್ಟೆಗೆ ಮೊದಲಿನ ಜೋಗವೆಂದು ತೋರಿಸುವ ಚಿತ್ರ ನಿಜಕ್ಕೂ ಯಾವ ವರ್ಷದ್ದು? ತೆಗೆದವನು ಯಾರೆಂದು ತಿಳಿದರೆ ಆತ ಯಾವಾಗ ಅಲ್ಲಿದ್ದ, ಯಾವ ಕ್ಯಾಮೆರಾ ಬಳಸಿದ, ಆ ಸುರುಳಿಯ ಉಳಿದ ಚಿತ್ರಗಳು ಯಾವುವು ಎಂದು ಹುಡುಕಬಹುದು. ಹೆಸರು ಹೋದ ಮೇಲೆ ಅದು ಸಾಕ್ಷಿಯಾಗಿ ಉಳಿಯದೆ ಬರೀ ಅಲಂಕಾರವಾಗುತ್ತದೆ. 1951ರ ಕಾಗೋಡು ಸತ್ಯಾಗ್ರಹದ ಚಿತ್ರಗಳಿಗೂ ಈ ಮಾತು ಸಲ್ಲುತ್ತದೆ. ಹಿನ್ನೀರಿನ ಜನ ದಶಕಗಳ ಕಾಲ ನೆಚ್ಚಿದ್ದ ಲಾಂಚು ಕೂಡ, ಸಿಗಂದೂರಿನ ಕಡೆಗೆ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ, ಚಿತ್ರಗಳಲ್ಲಿ ನೋಡುವ ಚರಿತ್ರೆಯಾಗುತ್ತಿದೆ. ಮೊನ್ನೆ ಮೊನ್ನೆ ತೆಗೆದ ಆ ಚಿತ್ರಗಳಾದರೂ ಹೆಸರಿನೊಂದಿಗೆ ಉಳಿದಾವೇ ಎಂಬುದು ಪ್ರಶ್ನೆ.

ಕಾನೂನು ಬೆಳೆದು ಬಂದ ಬಗೆ

ಛಾಯಾಚಿತ್ರ ಕೃತಿಯೇ ಅಲ್ಲ, ಯಂತ್ರ ಮಾಡಿದ ನಕಲು ಎಂಬ ವಾದ ಮೊದಮೊದಲು ಬಲವಾಗಿತ್ತು. ಬ್ರಿಟನ್ 1862ರಲ್ಲಿ ಲಲಿತಕಲೆಗಳ ಕಾಯಿದೆಯಲ್ಲಿ ಚಿತ್ರಕಲೆಯ ಜೊತೆ ಛಾಯಾಚಿತ್ರವನ್ನೂ ಸೇರಿಸಿತು. ಆದರೆ ದಾವೆ ಹೂಡಬೇಕಾದರೆ ಮೊದಲು ನೋಂದಣಿ ಆಗಿರಬೇಕಿತ್ತು. ಅಮೆರಿಕದಲ್ಲಿ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ಎಂಬ ಛಾಯಾಗ್ರಾಹಕ 1882ರಲ್ಲಿ ಲೇಖಕ ಆಸ್ಕರ್ ವೈಲ್ಡ್‌ನ ಚಿತ್ರ ತೆಗೆದ. ಕಲ್ಲಚ್ಚಿನ ಕಂಪನಿಯೊಂದು ಅದರ 85,000 ನಕಲು ಹೊಡೆಯಿತು. ಕ್ಯಾಮೆರಾ ತಾನೇ ಮಾಡಿದ ಕೆಲಸಕ್ಕೆ ಕರ್ತೃ ಎಲ್ಲಿಂದ ಬಂದ ಎಂಬುದು ಕಂಪನಿಯ ವಾದ. ಭಂಗಿ, ಉಡುಪು, ಬೆಳಕು, ನೆರಳು ಎಲ್ಲವನ್ನೂ ಯೋಚಿಸಿ ಹೊಂದಿಸಿದವನು ಸರೋನಿ, ಆದ್ದರಿಂದ ಅವನೇ ಕರ್ತೃ ಎಂದು 1884ರಲ್ಲಿ ನ್ಯಾಯಾಲಯ ತೀರ್ಮಾನಿಸಿತು. ಕಂಪನಿ ಇನ್ನೊಂದು ತಕರಾರನ್ನೂ ತೆಗೆದಿತ್ತು. ಚಿತ್ರದ ಮೇಲೆ ಪೂರ್ಣ ಹೆಸರಿಲ್ಲ, 'ಎನ್. ಸರೋನಿ' ಎಂದಷ್ಟೇ ಇದೆ ಎಂದು. ಅಷ್ಟು ಸಾಕು ಎಂದಿತು ನ್ಯಾಯಾಲಯ.

1911ರ ಬ್ರಿಟಿಷ್ ಕಾಯಿದೆ ನೋಂದಣಿಯ ಕಟ್ಟುಪಾಡನ್ನು ತೆಗೆದುಹಾಕಿತು. ಅದನ್ನು ಅಳವಡಿಸಿಕೊಂಡ 1914ರ ಕಾಯಿದೆ ಬ್ರಿಟಿಷ್ ಆಡಳಿತದ ಭಾರತಕ್ಕೆ ಅನ್ವಯಿಸಿತು. ಸ್ವತಂತ್ರ ಭಾರತದ ಕೃತಿಸ್ವಾಮ್ಯ ಕಾಯಿದೆ 1957ರಲ್ಲಿ ಅಂಗೀಕಾರವಾಗಿ 1958ರ ಜನವರಿ 21ರಂದು ಜಾರಿಗೆ ಬಂತು. ಅದರ ಪ್ರಕಾರ ಛಾಯಾಚಿತ್ರವೂ ಕಲಾಕೃತಿ. ಆದರೆ ಮಲತಾಯಿಯ ಮಗುವಿನಂತೆ ಅದಕ್ಕೆ ಅವಧಿ ಕಡಿಮೆ. ಲೇಖಕನಿಗೆ ಜೀವಿತಾವಧಿ ಮತ್ತು ಆಮೇಲೆ 50 ವರ್ಷ. ಛಾಯಾಗ್ರಾಹಕನಿಗೆ ಚಿತ್ರ ಪ್ರಕಟವಾದಲ್ಲಿಂದ 50 ವರ್ಷ ಮಾತ್ರ. 1992ರ ತಿದ್ದುಪಡಿ ಐವತ್ತನ್ನು ಅರವತ್ತು ಮಾಡಿತು. ತಾರತಮ್ಯ ಹೋದದ್ದು 2012ರ ತಿದ್ದುಪಡಿಯಲ್ಲಿ. ಅಲ್ಲಿಂದೀಚೆಗೆ ಛಾಯಾಗ್ರಾಹಕನಿಗೂ ಜೀವಿತಾವಧಿ ಮತ್ತು ಆಮೇಲೆ 60 ವರ್ಷ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯನ್ನೇ ನೋಡಬಹುದು. ಕುವೆಂಪು ತೀರಿಕೊಂಡದ್ದು 1994ರಲ್ಲಿ; ಅವರ ಬರಹಗಳ ಹಕ್ಕು 2054ರ ಕೊನೆಯವರೆಗೆ. ಅವರ ಮಗ ಪೂರ್ಣಚಂದ್ರ ತೇಜಸ್ವಿ ಬರಹಗಾರರಷ್ಟೇ ಅಲ್ಲ, ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದವರು. ಅವರು ತೀರಿಕೊಂಡದ್ದು 2007ರಲ್ಲಿ. ಹೊಸ ನಿಯಮದ ಲೆಕ್ಕದಲ್ಲಿ ಅವರ ಕಥೆಗಳಂತೆ ಚಿತ್ರಗಳ ಹಕ್ಕೂ 2067ರ ಕೊನೆಯವರೆಗೆ ನಡೆಯುತ್ತದೆ. ಹಾಗೆಂದು ಹಳೆಯದೆಲ್ಲ ಬಂಧನದಲ್ಲಿದೆ ಎಂದಲ್ಲ. 1940ಕ್ಕೆ ಮೊದಲು ಇಲ್ಲಿ ಪ್ರಕಟವಾದ ಜೋಗದ ಚಿತ್ರದ ಹಕ್ಕು ಎಂದೋ ಮುಗಿದಿದೆ. ಅದನ್ನು ಯಾರೂ ಅಚ್ಚುಹಾಕಬಹುದು. ಅಲ್ಲಿಯೂ ತೆಗೆದವನ ಹೆಸರು ಗೊತ್ತಿದ್ದರೆ ಹಾಕುವುದು ಕಾನೂನಿಗಾಗಿ ಅಲ್ಲ, ಮರ್ಯಾದೆಗಾಗಿ.

ಒಡೆಯ ಯಾರು?

ಚಿತ್ರ ತೆಗೆದವನೇ ಒಡೆಯ ಎಂಬುದು ಮೊದಲ ನಿಯಮ. ಗುಂಡಿ ಒತ್ತಿದ ಗಳಿಗೆಯಲ್ಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, ಅರ್ಜಿ ಬೇಕಿಲ್ಲ. ಆದರೆ ಈ ನಿಯಮಕ್ಕೆ ಕಾಯಿದೆಯ 17ನೆಯ ಕಲಂನಲ್ಲಿ ಅಪವಾದಗಳಿವೆ. ಸಣ್ಣ ಪಟ್ಟಣದ ಛಾಯಾಗ್ರಾಹಕರು ಎಡವುವುದು ಅಲ್ಲಿಯೇ.

ಹಣ ಕೊಟ್ಟು ಹೇಳಿ ಮಾಡಿಸಿಕೊಂಡ ಚಿತ್ರ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿಕೊಂಡವರದು. ಸಾಗರದ ಸ್ಟುಡಿಯೊದವರು ತೆಗೆದ ಮದುವೆಯ ಚಿತ್ರಗಳ ಹಕ್ಕು ಮದುವೆ ಮನೆಯವರದು. ನೆಗೆಟಿವ್ ಸ್ಟುಡಿಯೊದಲ್ಲಿದ್ದ ಮಾತ್ರಕ್ಕೆ ಮದುಮಗಳ ಚಿತ್ರವನ್ನು ಅಂಗಡಿಯ ಫಲಕಕ್ಕೆ ಏರಿಸುವಂತಿಲ್ಲ. ಇಂಗ್ಲೆಂಡಿನಲ್ಲಿ 1888ರಷ್ಟು ಹಿಂದೆಯೇ ಇಂಥ ಮೊಕದ್ದಮೆ ನಡೆದಿದೆ. ಚಿತ್ರ ತೆಗೆಸಿಕೊಳ್ಳಲು ಬಂದಿದ್ದ ಪೊಲಾರ್ಡ್ ಎಂಬ ಮಹಿಳೆಯ ಚಿತ್ರವನ್ನು ಸ್ಟುಡಿಯೊದವರು ಕ್ರಿಸ್‌ಮಸ್ ಕಾರ್ಡಾಗಿ ಮಾಡಿ ಮಾರಾಟಕ್ಕಿಟ್ಟರು. ನ್ಯಾಯಾಲಯ ಅದನ್ನು ತಡೆಯಿತು. ಅನುಮತಿಯಿಲ್ಲದೆ ಬಳಸುವ ತಪ್ಪು ಕೆಲವೊಮ್ಮೆ ಛಾಯಾಗ್ರಾಹಕರಿಂದಲೂ ಆಗುತ್ತದೆ ಎಂಬುದನ್ನು ಈ ಪ್ರಕರಣ ನೆನಪಿಸುತ್ತದೆ.

ಪತ್ರಿಕೆಯಲ್ಲಿ ನೌಕರಿಯಲ್ಲಿರುವವರು ತೆಗೆದ ಚಿತ್ರವನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರದು. ನೌಕರಿಯಲ್ಲಿ ಇಲ್ಲದೆ ಊರಿನಿಂದ ಚಿತ್ರ ಕಳಿಸುವ ಹವ್ಯಾಸಿಯ ಸ್ಥಿತಿ ಬೇರೆ. ಆತ ಕೊಟ್ಟದ್ದು ಬಳಸುವ ಅನುಮತಿ, ಒಡೆತನವನ್ನಲ್ಲ. ಹಕ್ಕನ್ನೇ ಬರೆದುಕೊಡಬೇಕಾದರೆ ಸಹಿ ಮಾಡಿದ ಪತ್ರ ಬೇಕು. ಎಷ್ಟು ಕಾಲ ಎಂದು ಪತ್ರದಲ್ಲಿ ಹೇಳದಿದ್ದರೆ ಐದೇ ವರ್ಷ ಎಂದು ಕಾಯಿದೆ ಎಣಿಸುತ್ತದೆ. ಬಾಯಿಮಾತಿನಲ್ಲಿ ಹಕ್ಕು ಕೈಬದಲಾಗುವುದಿಲ್ಲ. ಛಾಯಾಚಿತ್ರ ಸ್ಪರ್ಧೆಯ ಅರ್ಜಿಯ ಕೊನೆಯ ಸಾಲುಗಳನ್ನು ಓದದೆ ಸಹಿ ಮಾಡುವವರು ಈ ಮಾತನ್ನು ಗಮನಿಸಬೇಕು. ಬಹುಮಾನ ಬಾರದ ಚಿತ್ರದ ಹಕ್ಕನ್ನೂ ಆ ಸಾಲುಗಳು ಕೊಂಡೊಯ್ಯಬಹುದು.

ಇನ್ನು ಗುಡಿಗಳ ಮಾತು. ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ ದೇವಾಲಯಗಳ ಚಿತ್ರ ತೆಗೆದರೆ ಯಾರ ಕೃತಿಸ್ವಾಮ್ಯಕ್ಕೂ ಧಕ್ಕೆಯಿಲ್ಲ. ಹಳೆಯ ಗುಡಿಗೆ ಕೃತಿಸ್ವಾಮ್ಯವಿಲ್ಲ. ಕಟ್ಟಡಗಳ ಮತ್ತು ಸಾರ್ವಜನಿಕ ಸ್ಥಳದಲ್ಲಿರುವ ಶಿಲ್ಪಗಳ ಚಿತ್ರ ತೆಗೆಯುವುದಕ್ಕೆ ಕಾಯಿದೆಯೇ ವಿನಾಯಿತಿ ಕೊಟ್ಟಿದೆ. ವಿಮರ್ಶೆ, ಸ್ವಂತ ಅಧ್ಯಯನ, ಪ್ರಚಲಿತ ಘಟನೆಯ ವರದಿ ಇವುಗಳಿಗಾಗಿ ಇನ್ನೊಬ್ಬರ ಚಿತ್ರವನ್ನು ನ್ಯಾಯವಾದ ಮಿತಿಯಲ್ಲಿ ಬಳಸುವುದೂ ತಪ್ಪಲ್ಲ. ಆದರೆ ವಸತಿಗೃಹದ ಜಾಹೀರಾತು ವಿಮರ್ಶೆಯಲ್ಲ, ಕ್ಯಾಲೆಂಡರು ವರದಿಯಲ್ಲ.

ಏನು ಮಾಡಬಹುದು?

ತೀರ್ಥಹಳ್ಳಿಯ ಒಬ್ಬ ಹವ್ಯಾಸಿ ಮಳೆಗಾಲದ ಕವಲೇದುರ್ಗದ ಒಂದು ಒಳ್ಳೆಯ ಚಿತ್ರ ತೆಗೆದಿದ್ದಾನೆ ಎಂದಿಟ್ಟುಕೊಳ್ಳೋಣ. ಮರುವರ್ಷ ದೂರದ ಊರಿನ ಕಂಪನಿಯೊಂದರ ಕ್ಯಾಲೆಂಡರಿನಲ್ಲಿ, ಆಗಸ್ಟ್ ತಿಂಗಳ ಹಾಳೆಯಲ್ಲಿ, ಅದೇ ಚಿತ್ರ ಕಾಣುತ್ತದೆ. ಹೆಸರಿಲ್ಲ, ಕೇಳಿಲ್ಲ. ಆತ ಮಾಡಬೇಕಾದದ್ದೇನು?

ಮೊದಲ ಕೆಲಸ ಜಗಳವಲ್ಲ, ಸಾಕ್ಷಿ. ಕ್ಯಾಲೆಂಡರಿನ ಒಂದು ಪ್ರತಿ, ಸಾಧ್ಯವಾದರೆ ಕೊಂಡ ರಸೀದಿಯ ಸಹಿತ, ಎತ್ತಿಡಬೇಕು. ತನ್ನ ಕಡೆಯ ಮೂಲ ನೆಗೆಟಿವ್ ಅಥವಾ ಕ್ಯಾಮೆರಾದ ಮೂಲ ಕಡತ ತೆಗೆದಿಡಬೇಕು. ನಕಲು ಮಾಡಿದವನ ಬಳಿ ಕತ್ತರಿಸಿದ ಚೌಕಟ್ಟು ಇರುತ್ತದೆ. ತೆಗೆದವನ ಬಳಿ ಅಂಚಿನವರೆಗಿನ ಪೂರ್ಣ ಚಿತ್ರವೂ, ಅದಕ್ಕೆ ಹಿಂದು ಮುಂದಿನ ಚಿತ್ರಗಳೂ ಇರುತ್ತವೆ. ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ವಿದ್ಯುನ್ಮಾನ ಕಡತವನ್ನು ನ್ಯಾಯಾಲಯಕ್ಕೆ ಕೊಡುವಾಗ ಅದರೊಂದಿಗೆ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಅದನ್ನು ಹೇಳುತ್ತದೆ.

ಎರಡನೆಯದು ಪತ್ರ. ಬಳಸಿದವರಿಗೆ ವಿಷಯ ತಿಳಿಸಿ, ಹೆಸರು ಹಾಕಬೇಕೆಂದೂ ಸಂಭಾವನೆ ಕೊಡಬೇಕೆಂದೂ ಇಲ್ಲವೇ ಬಳಕೆ ನಿಲ್ಲಿಸಬೇಕೆಂದೂ ಬರೆಯುವುದು. ಎಷ್ಟೋ ಬಾರಿ ಕಂಪನಿಗೆ ವಿಷಯ ಗೊತ್ತೇ ಇರುವುದಿಲ್ಲ. ಚಿತ್ರ ಹುಡುಕಿ ಕೊಟ್ಟವನು ವಿನ್ಯಾಸಗಾರ. ಹೀಗೆ ಮಾತಿನಲ್ಲಿ ಮುಗಿಯಬಹುದಾದದ್ದು ಮಾತಿನಲ್ಲೇ ಮುಗಿಯಲಿ. ಚಿತ್ರ ಅಂತರ್ಜಾಲದಲ್ಲಿದ್ದರೆ ಆ ತಾಣದವರಿಗೇ ಲಿಖಿತ ದೂರು ಕೊಟ್ಟು ತೆಗೆಸಬಹುದು. ಉತ್ತರ ಬಾರದಿದ್ದರೆ ವಕೀಲರ ನೋಟಿಸು. ಆದರೆ ಹಕ್ಕು ತನ್ನದೇ ಎಂದು ಖಚಿತವಿಲ್ಲದೆ ಬೆದರಿಸಬಾರದು. ಆಧಾರವಿಲ್ಲದ ಬೆದರಿಕೆ ಹಾಕಿದವರ ಮೇಲೆ ಎದುರಾಳಿಯೇ ದಾವೆ ಹೂಡಲು 60ನೆಯ ಕಲಂ ಅವಕಾಶ ಕೊಡುತ್ತದೆ.

ಮೂರನೆಯದು ನ್ಯಾಯಾಲಯ. ಇಲ್ಲಿ ಸಣ್ಣ ಊರಿನವರಿಗೆ ಒಂದು ಅನುಕೂಲವಿದೆ. ಸಾಮಾನ್ಯವಾಗಿ ದಾವೆ ಹೂಡಬೇಕಾದದ್ದು ಪ್ರತಿವಾದಿ ಇರುವಲ್ಲಿ ಅಥವಾ ತಪ್ಪು ನಡೆದಲ್ಲಿ. ಕೃತಿಸ್ವಾಮ್ಯದ ದಾವೆಯನ್ನು ಹಕ್ಕುದಾರ ತಾನು ವಾಸಿಸುವ ಅಥವಾ ಕಸುಬು ನಡೆಸುವ ಜಿಲ್ಲೆಯಲ್ಲೂ ಹೂಡಬಹುದು ಎಂದು 62ನೆಯ ಕಲಂ ಹೇಳುತ್ತದೆ. ತೀರ್ಥಹಳ್ಳಿಯವನು ಮುಂಬಯಿಗೋ ದೆಹಲಿಗೋ ಅಲೆಯಬೇಕಿಲ್ಲ. ಶಿವಮೊಗ್ಗದ ಜಿಲ್ಲಾ ನ್ಯಾಯಾಲಯ ಸಾಕು. ಈ ಅನುಕೂಲ ಇರುವುದು ಹಕ್ಕುದಾರನ ಅಲೆದಾಟ ತಪ್ಪಿಸಲಿಕ್ಕೆ, ಎದುರಾಳಿಯನ್ನು ಊರೂರು ಅಲೆಸಲಿಕ್ಕಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ದಾವೆಯನ್ನು ಮೂರು ವರ್ಷದೊಳಗೆ ಹೂಡಬೇಕು. ಮೊತ್ತ ಮೂರು ಲಕ್ಷ ರೂಪಾಯಿಯಷ್ಟೋ ಅದಕ್ಕೂ ಹೆಚ್ಚೋ ಆದರೆ ಅದು ವಾಣಿಜ್ಯ ದಾವೆಯ ಲೆಕ್ಕಕ್ಕೆ ಬರುತ್ತದೆ. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ಮೊದಲು ಸಂಧಾನಕ್ಕೆ ಹೋಗುವುದು ಕಡ್ಡಾಯ.

ನ್ಯಾಯಾಲಯ ತಡೆಯಾಜ್ಞೆ ಕೊಡಬಹುದು, ನಷ್ಟಪರಿಹಾರ ಕೊಡಿಸಬಹುದು, ಎದುರಾಳಿ ಗಳಿಸಿದ ಲಾಭದ ಲೆಕ್ಕ ಒಪ್ಪಿಸುವಂತೆ ಹೇಳಬಹುದು. ಅನುಮತಿಯಿಲ್ಲದೆ ಅಚ್ಚಾದ ಪ್ರತಿಗಳು ಹಕ್ಕುದಾರನ ಸ್ವತ್ತು ಎಂದೇ ಕಾಯಿದೆ ಭಾವಿಸುತ್ತದೆ. ತಿಳಿದೂ ತಿಳಿದೂ ಮಾಡಿದ ಉಲ್ಲಂಘನೆ ಅಪರಾಧವೂ ಹೌದು. 63ನೆಯ ಕಲಂ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ. ಈ ಅಪರಾಧಕ್ಕೆ ಪೊಲೀಸರು ವಾರಂಟ್ ಇಲ್ಲದೆ ಕ್ರಮ ಕೈಗೊಳ್ಳಬಹುದು, ಇದು ಜಾಮೀನುರಹಿತ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಚಿತ್ರದ ಮೂಲೆಯ ಹೆಸರನ್ನೋ ಕಡತದೊಳಗಿನ ವಿವರವನ್ನೋ ಬೇಕೆಂದೇ ಅಳಿಸುವುದು 2012ರಿಂದ ಪ್ರತ್ಯೇಕ ಅಪರಾಧ. ಎರಡು ವರ್ಷದವರೆಗೆ ಸೆರೆ.

ಇಷ್ಟೆಲ್ಲ ಮಾಡಿ ಸಿಗುವುದೇನು ಎಂದು ಕೇಳುವವರಿಗೆ ಎರಡು ಪ್ರಸಂಗಗಳಿವೆ. ಕ್ಯೂಬಾದ ಅಲ್ಬರ್ಟೊ ಕೊರ್ದಾ 1960ರಲ್ಲಿ ತೆಗೆದ ಚೆ ಗುವಾರನ ಚಿತ್ರ ಜಗತ್ತಿನ ಅಂಗಿಗಳನ್ನೆಲ್ಲ ಸುತ್ತಿತು. ಆತ ದಶಕಗಳ ಕಾಲ ಸುಮ್ಮನಿದ್ದ. ಕೊನೆಗೆ ಮದ್ಯದ ಜಾಹೀರಾತಿನಲ್ಲಿ ಅದನ್ನು ಕಂಡಾಗ ದಾವೆ ಹೂಡಿದ. 2000ದಲ್ಲಿ ರಾಜಿಯಾಗಿ ಬಂದ 50,000 ಡಾಲರನ್ನು ಕ್ಯೂಬಾದ ಮಕ್ಕಳ ಔಷಧಕ್ಕೆ ಕೊಟ್ಟ. ಅವನಿಗೆ ಬೇಕಿದ್ದದ್ದು ಹಣವಲ್ಲ. ಯಾವುದಕ್ಕೆ ತನ್ನ ಚಿತ್ರ ಬಳಕೆಯಾಗಬಾರದು ಎಂದು ಹೇಳುವ ಅಧಿಕಾರ. ಇನ್ನೊಂದು ಪ್ರಸಂಗ ಘಟ್ಟದ ಕೆಳಗಿನದು, ಛಾಯಾಚಿತ್ರಕ್ಕೆ ಸೇರಿದ್ದಲ್ಲವಾದರೂ ಕೃತಿಸ್ವಾಮ್ಯದ್ದೇ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಪ್ರಯೋಗವನ್ನು ಅವರ ನಿಧನಾನಂತರ, 2001ರಲ್ಲಿ, ಮಣಿಪಾಲದ ಸಂಸ್ಥೆಯೊಂದು ದೆಹಲಿಯಲ್ಲಿ ಆಡಿಸಿತು. ಕಾರಂತರ ಉಯಿಲಿನ ಮೂಲಕ ಹಕ್ಕು ಪಡೆದವರು ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ಸುಪ್ರೀಂ ಕೋರ್ಟು ತಲುಪಿ 2009ರಲ್ಲಿ ತೀರ್ಮಾನವಾಯಿತು. ಹಕ್ಕುದಾರರ ಹಕ್ಕು ನಿಂತಿತು, ಕಾಯಿದೆಯ ವಿನಾಯಿತಿಗಳೂ ನಿಂತವು. ಜಿಲ್ಲಾ ನ್ಯಾಯಾಲಯದಿಂದ ಹೊರಟ ಕೃತಿಸ್ವಾಮ್ಯದ ದಾವೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೂ, ಎಷ್ಟು ವರ್ಷ ಹಿಡಿಯಬಲ್ಲದು ಎಂಬುದಕ್ಕೂ ಇದು ನಿದರ್ಶನ.

ಗೇಣಿ ಚೀಟಿಯ ಪಾಠ

ಹಕ್ಕು ಇರುವುದು ಬೇರೆ, ಹಕ್ಕಿಗೆ ದಾಖಲೆ ಇರುವುದು ಬೇರೆ ಎಂಬುದನ್ನು ಸಾಗರ ಸೀಮೆಯ ಜನಕ್ಕೆ ಹೊಸದಾಗಿ ಹೇಳಬೇಕಿಲ್ಲ. ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು 1951ರಲ್ಲಿ. ಉಳುವವನೇ ಹೊಲದೊಡೆಯ ಎಂಬ ಮಾತು 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ಕಾನೂನಿನ ಬಲ ಪಡೆಯಿತು. ಆದರೆ ಭೂನ್ಯಾಯಮಂಡಳಿಯ ಮುಂದೆ ನಿಂತಾಗ ಗೇಣಿ ಚೀಟಿ ಜೋಪಾನ ಮಾಡಿದ್ದವನ ಮಾತಿಗೂ ಬರಿಗೈಲಿ ಬಂದವನ ಮಾತಿಗೂ ತೂಕ ಒಂದೇ ಆಗಿರಲಿಲ್ಲ.

ಛಾಯಾಗ್ರಾಹಕನ ಗೇಣಿ ಚೀಟಿ ಅವನ ಹೆಸರು. ಕಾಯಿದೆಯ 55ನೆಯ ಕಲಂ ಇದನ್ನು ಎರಡು ರೀತಿಯಲ್ಲಿ ಹೇಳುತ್ತದೆ. ಪ್ರಕಟವಾದ ಪ್ರತಿಯ ಮೇಲೆ ಅಥವಾ ಮೂಲ ಕೃತಿಯ ಮೇಲೆ ಯಾರ ಹೆಸರಿದೆಯೋ ಅವರೇ ಕರ್ತೃ ಎಂದು ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಎದುರಾಳಿಯದು. ಅದೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ. ಕೃತಿಸ್ವಾಮ್ಯ ಇದೆಯೆಂದು ತನಗೆ ತಿಳಿದಿರಲಿಲ್ಲ, ಹಾಗೆ ಭಾವಿಸಲು ಕಾರಣವೂ ಇರಲಿಲ್ಲ ಎಂದು ಎದುರಾಳಿ ಸಾಬೀತು ಮಾಡಿದರೆ ಅವನಿಂದ ನಷ್ಟಪರಿಹಾರ ಸಿಗುವುದಿಲ್ಲ. ತಡೆಯಾಜ್ಞೆ ಮತ್ತು ಅವನ ಲಾಭದ ಪಾಲಿಗೆ ತೃಪ್ತಿಪಡಬೇಕು. ಹೆಸರಿಲ್ಲದ ಚಿತ್ರ ಅವನಿಗೆ ಈ ನೆಪವನ್ನು ಒದಗಿಸಿಕೊಡುತ್ತದೆ. ಮುಖ್ಯವಾದ ಚಿತ್ರಗಳನ್ನು ದೆಹಲಿಯ ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸಬಹುದು. ಕಲಾಕೃತಿಯೊಂದಕ್ಕೆ 2013ರ ನಿಯಮಗಳು ಇಟ್ಟ ಶುಲ್ಕ 500 ರೂಪಾಯಿ. ನೋಂದಣಿ ಕಡ್ಡಾಯವಲ್ಲ, ಆದರೆ ಅದು ಮೇಲ್ನೋಟಕ್ಕೆ ಒಪ್ಪತಕ್ಕ ಸಾಕ್ಷಿ.

ಹಕ್ಕನ್ನೇ ಮಾರಿದ ಮೇಲೂ ಉಳಿಯುವ ಒಂದು ಅಧಿಕಾರವಿದೆ. 57ನೆಯ ಕಲಂ ಪ್ರಕಾರ, ಈ ಕೃತಿ ತನ್ನದು ಎಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ತಿರುಚುವುದನ್ನು ತಡೆಯುವ ಅಧಿಕಾರ ಕರ್ತೃವನ್ನು ಬಿಟ್ಟು ಹೋಗುವುದಿಲ್ಲ. 2012ರ ತಿದ್ದುಪಡಿಯ ನಂತರ ಹೆಸರಿನ ಈ ಹಕ್ಕನ್ನು ಅವನ ಉತ್ತರಾಧಿಕಾರಿಗಳೂ ಕೇಳಬಹುದು. ದಾಸೋಜ ಮದನಿಕೆಯ ಪೀಠದ ಮೇಲೆ ಕೆತ್ತಿಕೊಂಡದ್ದನ್ನೇ ಈ ಕಲಂ ಬೇರೆ ಮಾತಿನಲ್ಲಿ ಹೇಳುತ್ತಿದೆ.

ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟವಾಗಿ 1904ರಲ್ಲಿ ಹೊರತಂದರು. ಇಂದಿನ ಹೊಸನಗರದ ಸೀಮೆ ಆಗ ನಗರ ತಾಲ್ಲೂಕು. ಇಂಥ ಶಾಸನಗಳಲ್ಲಿ ದಾನ ಕೊಟ್ಟವನ ಹೆಸರಿನೊಂದಿಗೆ ಬರೆದವನ, ಕಲ್ಲಿಗೆ ಕಂಡರಿಸಿದವನ ಹೆಸರೂ ಸಿಗುವುದುಂಟು. ಕೊನೆಗೆ, ಈ ಧರ್ಮವನ್ನು ಅಳಿದವನಿಗೆ ಕಾಶಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರುತ್ತದೆ ಎಂಬ ಶಾಪ. ಅಂದಿನ ಶಾಪದ ಜಾಗದಲ್ಲಿ ಇಂದು ತಡೆಯಾಜ್ಞೆ, ದಂಡ, ಸೆರೆವಾಸಗಳಿವೆ. ಆದರೆ ಶಾಪವಾಗಲಿ ಕಲಂ ಆಗಲಿ ಕೆಲಸಕ್ಕೆ ಬರಬೇಕಾದರೆ ಯಾರದೆಂದು ಮೊದಲು ಬರೆದಿರಬೇಕು.

ಹಿನ್ನೀರಿನ ಅಂಚಿನ ಮನೆಗಳ ಟ್ರಂಕುಗಳಲ್ಲಿ ಇನ್ನೂ ಹಳೆಯ ಚಿತ್ರಗಳಿವೆ. ಈ ಚಿತ್ರ ಯಾರು ತೆಗೆದದ್ದು, ಇದರಲ್ಲಿರುವ ಅಂಗಳ ಯಾವ ಊರಿನದು ಎಂದು ಹೇಳಬಲ್ಲ ಅಜ್ಜಿಯರೂ ಕೆಲವು ಮನೆಗಳಲ್ಲಿದ್ದಾರೆ. ಅದನ್ನು ಕೇಳಿ ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆದಿಡಲು ಯಾವ ವಕೀಲರೂ ಬೇಕಿಲ್ಲ. ತೆಗೆದವರ ಹೆಸರು, ಊರು, ವರ್ಷ, ಮೂರೇ ಸಾಲು.